ಗಂಧದ ಗುಡಿ ಮೂರು ಸಲ ಬಂತು, ಕಳ್ಳ ಎಲ್ಲಿ ಹೋದ?



ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಿದ್ದಾಗ ಓದಿ, ಅರ್ಧಕ್ಕೆ ಬಿಡಬೇಡಿ.

ಮೊನ್ನೆ ಮಧ್ಯಾಹ್ನ ಕಚೇರಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಸಿನಿಮಾ ಮಾತು ಬಂತು. ಈಗೆಲ್ಲ ಹಳೇ ಸಿನಿಮಾದ ಎರಡನೇ ಭಾಗ, ಮೂರನೇ ಭಾಗ ಬರೋ ಕಾಲ. ನಮ್ಮ ಸೆಕ್ಷನ್ನಿಗೆ ಹೊಸದಾಗಿ ಬಂದಿರೋ ಹುಡುಗ ಅಪ್ಪು ಅಭಿಮಾನಿ. ಬೈಕಿನ ಮೇಲೆ ಅಪ್ಪು ಫೋಟೋ, ಮೊಬೈಲ್ ತೆಗೆದರೆ ಅಪ್ಪು ಫೋಟೋ. ಅವನು, "ಸರ್, ಗಂಧದ ಗುಡಿ ಮತ್ತೊಂದು ಬರಬೇಕ್ರಿ. ಅಣ್ಣಾವ್ರು ಮಾಡಿದ್ರು, ಶಿವಣ್ಣ ಮಾಡಿದ್ರು, ಅಪ್ಪು ಮಾಡಿದ್ರು. ಅಷ್ಟಕ್ಕೇ ನಿಲ್ಲಬಾರ್ದು" ಅಂದ. ನಾನು ರೊಟ್ಟಿ ಮುರಿಯುತ್ತ, "ಬಂದ್ರ ಸಂಡೂರಿಗೆ ಬರ್ಲಿ. ಮತ್ತ ಈ ಸಲ ಕಳ್ಳನ್ನ ಮರೀದಂಗ ಕರ್ಕೊಂಡು ಬರ್ಲಿ" ಅಂದುಬಿಟ್ಟೆ.

ಎಲ್ಲರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ. "ಯಾವ ಕಳ್ಳ ಸರ್?" ಅಂದ. ಉತ್ತರ ಕೊಡೋದಕ್ಕೆ ಊಟದ ಹೊತ್ತು ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ನಾನು ಗಂಧದ ಗುಡಿ ಮೊದಲು ನೋಡಿದ್ದು ಎಂಟೊಂಬತ್ತು ವರ್ಷದವನಿದ್ದಾಗ. ನಮ್ಮದು ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನ ಹಳ್ಳಿ. ಕಾಲುವೆ ನೀರು, ಭತ್ತದ ಗದ್ದೆ, ಎಲ್ಲಿ ನೋಡಿದರೂ ಬಯಲು. ಕಾಡು ಅನ್ನೋದು ಹೆಂಗಿರುತ್ತೆ ಅಂತ ನಮಗೆ ಗೊತ್ತಿರಲಿಲ್ಲ. ಗದ್ದೆ ಊರಿನವರದ್ದು, ನಾಟಿ ಮಾಡೋ ಬೆನ್ನು ನಮ್ಮ ಕೇರಿಯದ್ದು. ನಮ್ಮವ್ವನ ತವರು ಸಂಡೂರು ಕಡೆಯ ಗುಡ್ಡದ ಊರು. ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಗುಡ್ಡ ಕಾಯೋ ದಿನಗೂಲಿ ವಾಚರ್. ಒಂದು ಹಳೇ ಖಾಕಿ ಅಂಗಿ, ಕೊರಳಲ್ಲಿ ದಾರ ಕಟ್ಟಿದ ಸೀಟಿ, ಕೈಯಲ್ಲಿ ಕೋಲು. ಬರುವಾಗೆಲ್ಲ ಸೀತಾಫಲದ ಗಂಟು ತರೋನು. ಕೇರಿ ಹುಡುಗರಿಗೆ ಮಾವನೇ ದೊಡ್ಡ ಆಫೀಸರು.

ಕುರುಗೋಡು ದೊಡ್ಡಬಸವೇಶ್ವರನ ಜಾತ್ರೆಗೆ ಟೆಂಟ್ ಟಾಕೀಸ್ ಬಂದಿತ್ತು. ಮಾವ ನನ್ನ ಹೆಗಲ ಮೇಲೆ ಕೂರಿಸಿಕೊಂಡು ಹೋದ. ನೆಲದ ಟಿಕೆಟ್. ಮರಳು ಗುಡ್ಡೆ ಹಾಕಿಕೊಂಡು ಅದರ ಮೇಲೆ ಕೂತೆವು. ಒಂದು ಮಾತು ಹೇಳ್ತೀನಿ. ಆ ಕಾಲಕ್ಕೆ ನಮ್ಮೂರ ಹೋಟೆಲಿನಲ್ಲಿ ನಮ್ಮ ಲೋಟ ಬೇರೆ ಇತ್ತು, ಗೂಟಕ್ಕೆ ನೇತು ಹಾಕಿರೋರು. ಟೆಂಟಿನ ಮರಳು ಮಾತ್ರ ಎಲ್ಲರಿಗೂ ಒಂದೇ. ಪಕ್ಕದಲ್ಲಿ ಕೂತವನು ಯಾರ ಮಗ ಅಂತ ಇಂಟರ್‌ವೆಲ್‌ನ ಲೈಟು ಹತ್ತೋ ತನಕ ಯಾರೂ ಕೇಳ್ತಿರಲಿಲ್ಲ. ಸಿನಿಮಾ ಅಂದರೆ ನಮ್ಮಂಥವರಿಗೆ ಯಾಕೆ ಅಷ್ಟು ಪ್ರೀತಿ ಅಂತ ಕೇಳೋರಿಗೆ ಇದು ಉತ್ತರ.

ಪರದೆ ಮೇಲೆ ಅಣ್ಣಾವ್ರು ಅರಣ್ಯಾಧಿಕಾರಿ. ಆನೆ, ಹುಲಿ, ದಟ್ಟ ಕಾಡು, ಗಂಧದ ಮರ ಕದಿಯೋರು, ಪ್ರಾಣಿ ಹಿಡಿಯೋರು. ಅಣ್ಣಾವ್ರು ಕಳ್ಳನಿಗೆ ಒಂದು ಏಟು ಹಾಕಿದಾಗಲೆಲ್ಲ ಮಾವ ಸೀಟಿ ಊದೋನು. ಸುತ್ತಲಿನೋರು ಹಿಂತಿರುಗಿ ನೋಡಿದರೆ, "ನಾನೂ ಇದೇ ಡಿಪಾರ್ಟ್‌ಮೆಂಟ್ ರೀ" ಅನ್ನೋನು. ಅವತ್ತು ಅವನ ದಿನಗೂಲಿ ಎಷ್ಟಿತ್ತೋ ಏನೋ. ಆದರೆ ಆ ಮೂರು ತಾಸು ಮಾವ ಮತ್ತು ರಾಜ್‌ಕುಮಾರ್ ಒಂದೇ ಖಾಕಿಯಲ್ಲಿದ್ದರು.

ಗೊತ್ತಿಲ್ಲದ ಹೊಸ ಹುಡುಗರಿಗೆ ಹೇಳ್ತೀನಿ. ಮೊದಲ ಗಂಧದ ಗುಡಿ 1973ರದ್ದು. ನಿರ್ದೇಶನ ವಿಜಯ್. ನಿರ್ಮಾಪಕರು ಎಂ.ಪಿ. ಶಂಕರ್, ಮೈಸೂರಿನ ಪೈಲ್ವಾನರು, ಕಾಡುಪ್ರಾಣಿಗಳನ್ನಿಟ್ಟುಕೊಂಡು ಸಿನಿಮಾ ಮಾಡೋ ಹುಚ್ಚಿದ್ದವರು. ಸಂಗೀತ ರಾಜನ್-ನಾಗೇಂದ್ರ. ರಾಜ್‌ಕುಮಾರ್, ವಿಷ್ಣುವರ್ಧನ್, ಕಲ್ಪನಾ. ಕಾಡು ಉಳೀಬೇಕು ಅನ್ನೋದನ್ನ ಹೊಡೆದಾಟದ ಸಿನಿಮಾದ ಒಳಗೇ ಇಟ್ಟು ಜನರಿಗೆ ಮುಟ್ಟಿಸಿದ್ದು ಅದು. ಅದರ ಕನ್ನಡ ನಾಡಿನ ಹಾಡು ಇವತ್ತಿಗೂ ನವೆಂಬರ್ ಬಂದರೆ ಎಲ್ಲ ಮೈಕಿನಲ್ಲೂ ಕೇಳುತ್ತೆ. ಹಿಂದಿಯಲ್ಲಿ 1979ರಲ್ಲಿ ಧರ್ಮೇಂದ್ರ 'ಕರ್ತವ್ಯ' ಅಂತ ಮಾಡಿದರು. ನಮ್ಮ ಬಳ್ಳಾರಿಯಲ್ಲಿ ಅರ್ಧ ಊರು ತೆಲುಗು ಸಿನಿಮಾ ನೋಡೋದು. ಅಲ್ಲಿ ಎನ್‌ಟಿಆರ್ 1977ರಲ್ಲಿ 'ಅಡವಿ ರಾಮುಡು' ಆಗಿ ಬಂದರು. ನಮ್ಮ ದೊಡ್ಡಪ್ಪ ಎನ್‌ಟಿಆರ್ ಪಾರ್ಟಿ, ಮಾವ ಅಣ್ಣಾವ್ರ ಪಾರ್ಟಿ. ಹಬ್ಬಕ್ಕೆ ಸೇರಿದರೆ ಯಾರ ಕಾಡು ದೊಡ್ಡದು ಅಂತ ಇಬ್ಬರಿಗೂ ಜಗಳ.

ಈಗ ಸರಣಿಯ ಮಾತಿಗೆ ಬರೋಣ. ಕನ್ನಡದಲ್ಲಿ ಇಂಥ ಸಾಹಸದ ಸರಣಿ ಮೊದಲು ಕಟ್ಟಿದ್ದೂ ಅಣ್ಣಾವ್ರೇ. ದೊರೈ-ಭಗವಾನ್ ಅವರ ಸಿಐಡಿ 999. 1968ರಲ್ಲಿ ಜೇಡರ ಬಲೆ, ಅದರ ಹಿಂದೆಯೇ ಗೋವಾದಲ್ಲಿ ಸಿಐಡಿ 999, 1969ರಲ್ಲಿ ಆಪರೇಷನ್ ಜಾಕ್‌ಪಾಟ್. ಆಮೇಲೆ ಒಂಬತ್ತು ವರ್ಷ ಸುದ್ದಿಯಿಲ್ಲ. 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್ ಅಂತ ಮತ್ತೆ ತಂದರು. ಅಲ್ಲಿ ಮತ್ತೆ ತರೋದು ಸುಲಭ. ಅದೇ ಹೀರೋ, ಅದೇ ಸೂಟು-ಬೂಟು, ಹೊಸ ಊರು, ಹೊಸ ಕಳ್ಳ. ಕಳ್ಳ ಇಲ್ಲದೆ ಸಿಐಡಿ ಬರೋಕಾಗಲ್ಲ. ಆ ಸರಣಿ ಬದುಕಿದ್ದೇ ಕಳ್ಳನಿಂದ.

ಗಂಧದ ಗುಡಿ ಮತ್ತೆ ಬರೋಕೆ 21 ವರ್ಷ ಬೇಕಾಯ್ತು. 1994ರಲ್ಲಿ ಭಾಗ 2. ಅದೇ ವಿಜಯ್, ಅದೇ ಎಂ.ಪಿ. ಶಂಕರ್, ಅದೇ ರಾಜನ್-ನಾಗೇಂದ್ರ. ಹೀರೋ ಶಿವಣ್ಣ. ಅಣ್ಣಾವ್ರು ಸ್ವಲ್ಪ ಹೊತ್ತು ಬಂದು ಹೋಗ್ತಾರೆ. ನಾನು ಹೈಸ್ಕೂಲು. ಬಳ್ಳಾರಿಗೆ ಬಂದು ನೋಡಿದೆ. ಟಾಕೀಸಿನಲ್ಲಿ ಅಣ್ಣಾವ್ರು ಬಂದ ಕೂಡಲೇ ಚಿಲ್ಲರೆ ತೂರಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂಗೆ ಐತೆ. ಅಪ್ಪನ ಕಾಡನ್ನ ಮಗ ಕಾಯ್ತಾನೆ ಅನ್ನೋದೇ ಒಂದು ಖುಷಿ.

ಆದರೆ ಆ 21 ವರ್ಷದಲ್ಲಿ ನಿಜವಾದ ಕಾಡಿನಲ್ಲಿ ಏನಾಯ್ತು ನೋಡಿ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನ ವೀರಪ್ಪನ್ ಕೊಂದ. ಗೋಪಿನಾಥಂ ಜನರ ಜೊತೆ ಉಂಡು, ಮಲಗಿ, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ ಮನುಷ್ಯ. ಶರಣಾಗ್ತೀನಿ ಅಂದ ಮಾತು ನಂಬಿ ನಿರಾಯುಧನಾಗಿ ಹೋದವರು. ಸಿನಿಮಾದ ಅಧಿಕಾರಿ ಕೊನೆಗೆ ಗೆದ್ದ, ನಿಜದ ಅಧಿಕಾರಿ ಹೆಣವಾದರು. ಅವರಿಗೆ ಕೀರ್ತಿ ಚಕ್ರ ಬಂತು. ಭಾಗ 2 ಬಂದು ಆರು ವರ್ಷಕ್ಕೆ, 2000ದ ಜುಲೈ 30ರ ರಾತ್ರಿ, ಗಾಜನೂರಿನ ಮನೆಯಿಂದ ಅಣ್ಣಾವ್ರನ್ನೇ ವೀರಪ್ಪನ್ ಹೊತ್ತೊಯ್ದ. 108 ದಿನ. ಪರದೆ ಮೇಲೆ ಗಂಧದ ಕಳ್ಳರನ್ನ ಹೊಡೆದವರನ್ನ ನಿಜವಾದ ಗಂಧದ ಕಳ್ಳ ಕಾಡಿನಲ್ಲಿ ಕೂಡಿಹಾಕಿದ್ದ. ಆಗ ನಾನು ಬಿಎ ಓದ್ತಿದ್ದೆ. ಮಾವ ಸಂಡೂರಿನಿಂದ ಬಂದವನು ಊಟ ಬಿಟ್ಟು ರೇಡಿಯೋ ಮುಂದೆ ಕೂತಿದ್ದ.

ಇನ್ನೊಂದನ್ನೂ ಹೇಳಲೇಬೇಕು, ಇದನ್ನ ಸಿನಿಮಾ ಹೇಳಲ್ಲ. ಆ ಕಳ್ಳನನ್ನ ಹುಡುಕೋ ನೆಪದಲ್ಲಿ ಗಡಿಯ ಊರುಗಳ ಬಡವರು, ಸೋಲಿಗರು ಅನುಭವಿಸಿದ ಹಿಂಸೆ ಸಣ್ಣದಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. 2007ರಲ್ಲಿ 89 ಜನರಿಗೆ 2.80 ಕೋಟಿ ಪರಿಹಾರ ಕೊಡಿ ಅಂತ ಹೇಳಿತು. ಕಾಡು ಕಾಯೋ ಕಥೆಯಲ್ಲಿ ಕಳ್ಳನಿಗಿಂತ ಮೊದಲು ಏಟು ಬೀಳೋದು ಕಾಡಿನಲ್ಲೇ ಹುಟ್ಟಿದವನಿಗೆ.

ಈಗ ನಮ್ಮ ಜಿಲ್ಲೆಗೆ ಬರ್ತೀನಿ. ಇಲ್ಲಿಂದ ಮುಂದೆ ಬರೆಯೋಕೆ ನನಗೆ ಕಷ್ಟ.

2004-05ರಿಂದ ಸಂಡೂರಿನ ಗುಡ್ಡಕ್ಕೆ ದೆಸೆ ತಿರುಗಿತು ಅಂತ ಎಲ್ಲರೂ ಹೇಳೋರು. ಚೀನಾ ಅದಿರು ಕೊಳ್ತಿತ್ತು. ಮುಂದೆ ಅಲ್ಲಿ ಒಲಿಂಪಿಕ್ಸ್ ಬೇರೆ ಇತ್ತು. ರಾತ್ರಿ ಹಗಲು ಲಾರಿ. ಗಿಡ ಕೆಂಪು, ಮನೆ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಬಟ್ಟೆ ಕೆಂಪು. ನಮ್ಮ ಜನರ ಮಕ್ಕಳು ಶಾಲೆ ಬಿಟ್ಟು ಸುತ್ತಿಗೆ ಹಿಡಿದು ಅದಿರು ಕುಟ್ಟೋಕೆ, ಜರಡಿ ಹಿಡಿಯೋಕೆ ಹೋದರು. ಗುಡ್ಡದ ಲೀಸು ಸಾಲದೆ, ಹೊಲದ ಮೇಲ್ಮಣ್ಣಿನಲ್ಲಿ ಅದಿರು ಸಿಗುತ್ತೆ ಅಂತ ಪಟ್ಟಾ ಜಮೀನಿಗೂ ಕೈ ಹಾಕಿದರು.

ಮಾವನಿಗೆ ಎರಡು ಎಕರೆ ಇತ್ತು. ಸರ್ಕಾರ ಅವರಪ್ಪನಿಗೆ ಮಂಜೂರು ಮಾಡಿದ ಭೂಮಿ. ಸಜ್ಜೆ, ಜೋಳ, ಬದುವಿನಲ್ಲಿ ಸೀತಾಫಲ. ನಮ್ಮ ಇಡೀ ಬಳಗದಲ್ಲಿ ಸ್ವಂತ ಹೊಲ ಇದ್ದದ್ದು ಅವನಿಗೊಬ್ಬನಿಗೆ. 2006ರಲ್ಲಿ ಒಂದು ದಿನ ಬಾಂಡ್ ಪೇಪರ್ ಹಿಡಿದುಕೊಂಡು ಸಂಡೂರಿನಿಂದ ಬಸ್ಸು ಹತ್ತಿ ನನ್ನ ರೂಮಿಗೇ ಬಂದ. ನನಗೆ ಕ್ಲರ್ಕ್ ನೌಕರಿ ಸಿಕ್ಕು ಎರಡು ವರ್ಷ ಆಗಿತ್ತು. ಇಡೀ ಬಳಗಕ್ಕೆ ಕಾಗದ ಓದೋನು ನಾನೊಬ್ಬನೇ.

"ಅಳಿಯಾ, ಇದನ್ನ ಒಂದೀಟು ಓದಿ ಹೇಳಪಾ. ಹೊಲ ಹನ್ನೊಂದು ತಿಂಗಳಿಗೆ ಕೇಳಾಕ ಹತ್ಯಾರ. ಎಕರೆಗೆ ಒಂದೂವರೆ ಲಕ್ಷ ಅಂತ" ಅಂದ.

ನಾನು ಓದಿದೆ. ಪೂರ್ತಿ ಓದಿದೆ ಅಂತ ಅಂದುಕೊಂಡೆ. ಕಚೇರಿಯ ಭಾಷೆ ನನಗೆ ಬರುತ್ತೆ ಅನ್ನೋ ಅಹಂಕಾರ ಬೇರೆ. "ಮಾವ, ಇದು ಮಾರಾಟ ಅಲ್ಲ, ಬರೇ ಲೀಸು. ಹೊಲ ನಿನ್ನ ಹೆಸರಿನಾಗ ಇರ್ತೈತಿ. ಮಗಳ ಮದುವಿ ಆಗ್ತೈತಿ. ಹಾಕು ಹೆಬ್ಬಟ್ಟು" ಅಂದೆ. ಅವನು ಹಾಕಿದ. ಇಂಕ್ ಪ್ಯಾಡ್ ನನ್ನದೇ.

ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರೋದಷ್ಟೇ ಅಲ್ಲ, ಲೀಸಿಗೆ ಕೊಡೋದೂ ಪರಭಾರೆಯೇ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತೆ. ನಮ್ಮ ಜನರ ಭೂಮಿ ಉಳಿಸೋಕೆ ಅಂತಲೇ ಇರೋ ಕಾಯ್ದೆ. ಬಾಬಾಸಾಹೇಬರ ಫೋಟೋಗೆ ಏಪ್ರಿಲ್ 14ಕ್ಕೆ ಹಾರ ಹಾಕ್ತಿದ್ದ ನನಗೆ, ಬಿಎ ಮಾಡಿ ಸರ್ಕಾರದ ಸಂಬಳ ತಿನ್ನೋ ನನಗೆ, ಅದು ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಳ್ಳೋ ಗೋಜಿಗೂ ಹೋಗಲಿಲ್ಲ.

ಮೊದಲ ಕಂತು ಒಂದು ಲಕ್ಷ ಬಂತು. ಮಗಳ ಮದುವೆ ಆಯ್ತು. ಆಮೇಲೆ ಹಿಟಾಚಿ ಬಂತು. ಹನ್ನೊಂದು ತಿಂಗಳಲ್ಲಿ ಹೊಲ ಹೋಗಿ ಹೊಂಡ ಆಯ್ತು. ಉಳಿದ ದುಡ್ಡು ಬರಲಿಲ್ಲ, ಕೇಳೋಣ ಅಂದರೆ ಪೇಪರಿನಲ್ಲಿದ್ದ ಮನುಷ್ಯ ಸಿಗಲಿಲ್ಲ.

ಮಾವ ರಾತ್ರಿ ಗುಡ್ಡ ಕಾಯೋ ವಾಚರ್. ದಾರಿಯಲ್ಲಿ ನಿಂತು ಲಾರಿ ನೋಡೋನು. "ಒಂದ್ ರಾತ್ರಿ ನಾನೂರು ಎಣಿಸಿದೆ ಅಳಿಯಾ, ಆಮ್ಯಾಲ ಲೆಕ್ಕ ತಪ್ಪಿತು" ಅಂದಿದ್ದ. ಸೀಟಿ ಊದಬೇಡ ಅಂತ ಅವನಿಗೆ ಹೇಳಿದ್ದರು. ಯಾರು ಹೇಳಿದರು ಅಂದರೆ ಹೇಳ್ತಿರಲಿಲ್ಲ. ಆ ಲಾರಿಗಳಲ್ಲಿ ಯಾವುದೋ ಒಂದರಲ್ಲಿ ಅವನ ಹೊಲವೂ ಹೋಗಿತ್ತು.

ಆಮೇಲಿನದ್ದು ನಿಮಗೆಲ್ಲ ಗೊತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ಪಾದಯಾತ್ರೆ ಬಂತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಸರ್ಕಾರಕ್ಕೆ ಆದ ನಷ್ಟ 16,085 ಕೋಟಿ ಅಂತ ಲೆಕ್ಕ. ಎರಡೇ ದಿನಕ್ಕೆ, ಜುಲೈ 29ಕ್ಕೆ, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ವರದಿಯ ಹಿಂದೆ ಗುಡ್ಡ ಹತ್ತಿ, ಪರ್ಮಿಟ್ ಪರ್ಮಿಟ್ ಕೂಡಿಸಿ ನೋಡಿ, ಕಡತ ಕೆದಕಿದ ತಂಡದ ಮುಖ್ಯಸ್ಥರು ಯಾರು ಗೊತ್ತಾ? ಡಾ. ಯು.ವಿ. ಸಿಂಗ್. ಒಬ್ಬ ಅರಣ್ಯಾಧಿಕಾರಿ! ಅಪ್ಪಟ ಗಂಧದ ಗುಡಿಯ ಹೀರೋ. ಕುದುರೆ ಇಲ್ಲ, ಬಂದೂಕು ಇಲ್ಲ, ಹಾಡಿಲ್ಲ. ಕೈಯಲ್ಲಿ ಕಡತ. ಕ್ಲರ್ಕ್ ಆಗಿ ಹೇಳ್ತೀನಿ, ಕಡತದಷ್ಟು ರೋಮಾಂಚನದ ಸಾಹಸ ಬೇರೆ ಇಲ್ಲ. ಓದೋನಿಗೆ ಧೈರ್ಯ ಇರಬೇಕು ಅಷ್ಟೇ. ನನಗೆ ಒಂದು ಬಾಂಡ್ ಪೇಪರ್ ಸರಿಯಾಗಿ ಓದೋಕೆ ಆಗಲಿಲ್ಲ, ಆ ತಂಡ ಇಡೀ ಜಿಲ್ಲೆಯನ್ನ ಓದಿತು.

ನಾನು ಸಂಘಟನೆಗೆ ಬಂದದ್ದು ಆ ವರ್ಷ. ಯಾವ ಭಾಷಣ ಕೇಳಿಯೂ ಅಲ್ಲ. ಆ ಹೊಂಡ ನೋಡಿ.

ಅದಾದ ಮೇಲೆ ಮೂರನೇ ಗಂಧದ ಗುಡಿ. 2022ರ ಅಕ್ಟೋಬರ್ 28. ಅಪ್ಪು ಹೋಗಿ ನಾಳೆಗೆ ಒಂದು ವರ್ಷ ಅನ್ನೋ ದಿನ ಬಿಡುಗಡೆ. ಅಮೋಘವರ್ಷ ಅವರ ನಿರ್ದೇಶನ, ಅಶ್ವಿನಿ ಪುನೀತ್ ರಾಜ್‌ಕುಮಾರ್ ನಿರ್ಮಾಣ. ಭಾಗ 2 ಬಂದು 28 ವರ್ಷ ಆಗಿತ್ತು. ನಮ್ಮ ಕಡೆ ಅಪ್ಪು ಅಂದರೆ ಏನು ಅಂತ ಬೆಂಗಳೂರಿನೋರಿಗೆ ಹೇಳಬೇಕಿಲ್ಲ, ಹೊಸಪೇಟೆಗೆ ಬಂದು ನೋಡಿದರೆ ಸಾಕು. ನಾನು, ನನ್ನ ಮಗಳು, ಅವ್ವ, ಮಾವ ನಾಲ್ಕೂ ಜನ ಬಳ್ಳಾರಿಯಲ್ಲಿ ನೋಡಿದೆವು. ಮಾವನಿಗೆ ಕಣ್ಣು ಮಬ್ಬು. ಮುಂದಿನ ಸಾಲಿನಲ್ಲಿ ಕೂತೆವು. ಟಾಕೀಸಿನಲ್ಲಿ ಅಳದೇ ಇದ್ದವರು ಇರಲಿಲ್ಲ. ನಾನೂ ಅತ್ತೆ.

ಒಳ್ಳೇ ಸಿನಿಮಾ. ಅದರಲ್ಲಿ ಅಪ್ಪು ಹೀರೋ ಅಲ್ಲ, ಅಪ್ಪುನೇ ಅಪ್ಪು. ಬಣ್ಣ ಇಲ್ಲ, ಫೈಟ್ ಇಲ್ಲ. ಕಾಡು ನೋಡ್ತಾನೆ, ಬೆರಗಾಗ್ತಾನೆ, ಕೇಳ್ತಾನೆ. ಅಪ್ಪನ ಸಿನಿಮಾದ ಹೆಸರಿಟ್ಟುಕೊಂಡು ಮಗ ಕೋಟು ಬಿಚ್ಚಿಟ್ಟು ಕಲಿಯೋಕೆ ಹೋಗಿದ್ದಾನೆ. ಹಳೇ ಸರಣಿಯನ್ನ ಹಿಂಗೂ ಮತ್ತೆ ತರಬಹುದು ಅಂತ ಅಲ್ಲಿ ತನಕ ಯಾರೂ ತೋರಿಸಿರಲಿಲ್ಲ. ಮಕ್ಕಳು ನೋಡಲಿ ಅಂತ ಕೆಲವು ದಿನ ಟಿಕೆಟ್ ದರವನ್ನೂ ಇಳಿಸಿದರು. ನೆಲದ ಟಿಕೆಟಿನಲ್ಲಿ ಬೆಳೆದವನಿಗೆ ಅದರ ಬೆಲೆ ಗೊತ್ತು.

ಹೊರಗೆ ಬಂದು ಚಾ ಕುಡಿಯುವಾಗ ಮಾವ ಒಂದೇ ಮಾತು ಅಂದ. "ಚೊಲೋ ಐತಿ ಬಿಡು. ಆದ್ರ ಅಳಿಯಾ, ಅಪ್ಪನ ಸಿನಿಮಾದಾಗ ಕಳ್ಳ ಇದ್ದ. ಅಣ್ಣನ ಸಿನಿಮಾದಾಗೂ ಇದ್ದ. ಇದ್ರಾಗ ಇಲ್ಲಲ್ಲ. ಕಳ್ಳ ಎಲ್ಲಿ ಹೋದ?"

ನನ್ನ ಮಗಳು ನಕ್ಕಳು. "ತಾತ, ಇದು ಡಾಕ್ಯುಮೆಂಟರಿ" ಅಂದಳು. ನಾನು ನಗಲಿಲ್ಲ. ಆ ಮಾತು ಇವತ್ತಿನ ತನಕ ನನ್ನ ಬಿಟ್ಟಿಲ್ಲ.

ಯೋಚನೆ ಮಾಡಿ. 1973ರಲ್ಲಿ ಕಳ್ಳ ರಾತ್ರಿ ಮರ ಕಡಿದು ಓಡ್ತಿದ್ದ. ಅವನನ್ನ ಹಿಡಿಯಬಹುದಿತ್ತು, ಹೊಡೆಯಬಹುದಿತ್ತು. ಭಾಗ 2 ಮತ್ತು ಭಾಗ 3ರ ನಡುವಿನ 28 ವರ್ಷದಲ್ಲಿ ಕಳ್ಳ ಬೆಳೆದ. ಲೀಸು ತಗೊಂಡ. ಪರ್ಮಿಟ್ ತಗೊಂಡ. ಬಾಂಡ್ ಪೇಪರ್ ಮಾಡಿಸಿದ. ಮರ ಬಿಟ್ಟು ಗುಡ್ಡವನ್ನೇ ಹೊತ್ತ. ಈ ನಾಡಿನ ಕಾಡಿಗೆ ಕಂಡುಕೇಳರಿಯದ ಕಳ್ಳತನ ಆದದ್ದೇ ಆ 28 ವರ್ಷದ ಒಳಗೆ, ಅದೂ ನಮ್ಮ ಬಳ್ಳಾರಿಯಲ್ಲಿ. ಅಷ್ಟು ದೊಡ್ಡವನಾದ ಮೇಲೆ ಸರಣಿಯಿಂದಲೇ ಮಾಯವಾದ. ಕಳ್ಳ ಸಣ್ಣವನಿದ್ದಾಗ ಸಿನಿಮಾದಲ್ಲಿ ಇದ್ದ, ದೊಡ್ಡವನಾದಾಗ ಇಲ್ಲ.

ಅಪ್ಪು ಮೇಲೆ ನನ್ನ ದೂರಿಲ್ಲ. ಅದು ಬೇರೆ ಬಗೆಯ ಸಿನಿಮಾ, ಅದರ ಕೆಲಸ ಅದು ಮಾಡಿತು. ನನ್ನ ಮಾತು ನಾಲ್ಕನೆಯದನ್ನ ಮಾಡೋರಿಗೆ. ಮಾಡೇ ಮಾಡ್ತಾರೆ, ಇವತ್ತಲ್ಲ ನಾಳೆ. ಇಂಥ ಹೆಸರನ್ನ ಯಾರೂ ಸುಮ್ಮನೆ ಬಿಡೋದಿಲ್ಲ.

ಮತ್ತೆ ತರೋದು ಅಂದರೆ ಹೆಸರು ತರೋದಲ್ಲ, ಹಾಡಿನ ಟ್ಯೂನ್ ತರೋದಲ್ಲ, ಹಳೇ ಫೋಟೋಗೆ ಗ್ರಾಫಿಕ್ಸ್ ಮಾಡಿ ಅಣ್ಣಾವ್ರನ್ನ ನಗಿಸೋದಲ್ಲ. ಮೊದಲ ಸಿನಿಮಾ ಜನರ ಎದೆಗೆ ಹೊಕ್ಕಿದ್ದು ಯಾಕೆ ಅಂತ ನೋಡಬೇಕು. ಆ ಕಾಲದ ನಿಜವಾದ ಕಳ್ಳನನ್ನ ಅದು ಪರದೆ ಮೇಲೆ ನಿಲ್ಲಿಸಿತ್ತು. ಈ ಕಾಲದ ಕಳ್ಳನನ್ನ ನಿಲ್ಲಿಸಿದರೆ ಮಾತ್ರ ಅದು ಗಂಧದ ಗುಡಿ.

ಹೀರೋ ಯಾರು ಅನ್ನೋದೂ ಮುಖ್ಯ. ಅಣ್ಣಾವ್ರು ಮೊದಲು ಹೀರೋ ಆಗಿ ಬಂದದ್ದು 1954ರಲ್ಲಿ, ಬೇಡರ ಕಣ್ಣಪ್ಪನಾಗಿ. ಕಾಡಿನ ಮನುಷ್ಯನಾಗಿ. ಗುಡಿಯ ಒಳಗೆ ಬಿಡದೇ ಇದ್ದವನು ತನ್ನ ಕಣ್ಣನ್ನೇ ಕಿತ್ತು ಕೊಟ್ಟು ದೊಡ್ಡವನಾದ ಕಥೆ. ಹತ್ತೊಂಬತ್ತು ವರ್ಷ ಆದ ಮೇಲೆ ಅದೇ ಅಣ್ಣಾವ್ರು ಕಾಡಿಗೆ ಅಧಿಕಾರಿಯಾಗಿ ಹೋದರು. ಅವತ್ತಿನಿಂದ ಕಾಡಿನವನು ಹಾಡಿನಲ್ಲಿ ಹಿಂದೆ ಕುಣಿಯೋನಾದ. ನಾಗರಹೊಳೆಯ ಹಾಡಿಗಳಿಂದ ಜೇನುಕುರುಬರನ್ನ ಎಬ್ಬಿಸಿ ಹೊರಗೆ ಹಾಕಿದ್ದು ಇದೇ ಕಾಡಿನ ಹೆಸರಿನಲ್ಲಿ. ಅವರು ಇವತ್ತಿಗೂ 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದುಕೊಂಡು ನಮ್ಮ ಜಾಗ ನಮಗೆ ಅಂತ ಕೇಳ್ತಿದಾರೆ. ಅದೇ ಕಾಯ್ದೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕು ಗೆದ್ದರು, ಹುಲಿ ಸಂರಕ್ಷಿತ ಕಾಡಿನ ಒಳಗೇ! ದೇಶದಲ್ಲೇ ಮೊದಲು. ಇದಕ್ಕಿಂತ ದೊಡ್ಡ ಸಾಹಸದ ಕಥೆ ಯಾವುದು ಬೇಕು? ನಾಲ್ಕನೇ ಗಂಧದ ಗುಡಿಯ ಹೀರೋ ಜೀಪಿನಿಂದ ಇಳಿಯೋದು ಬೇಡ. ಹಾಡಿಯಿಂದ ಬರಲಿ. ಇಲ್ಲಾ ನಮ್ಮ ಮಾವನ ಥರದ ಒಬ್ಬ ವಾಚರ್ ಇರಲಿ, ಊದಬೇಡ ಅಂದ ಸೀಟಿಯನ್ನ ಊದೋನು.

ಇದೆಲ್ಲ ಮುಗಿದ ಕಥೆ ಅಂತ ತಿಳಿಯಬೇಡಿ. 2024ರಲ್ಲಿ ಮತ್ತೆ ಸಂಡೂರಿನ ದೇವದಾರಿ ಗುಡ್ಡದ ಮಾತು ಬಂತು. ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಹೆಚ್ಚು ಮರ. ಗಣಿ ಮಾಡೋಕೆ ಹೊರಟದ್ದು ಕುದುರೆಮುಖದ ಕಬ್ಬಿಣದ ಕಂಪನಿ, ಕಾಡು ಉಳೀಬೇಕು ಅಂತ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಅಲ್ಲಿ ಗಣಿ ನಿಲ್ಲಿಸಿದ ಅದೇ ಕಂಪನಿ. ರಾಜ್ಯದ ಅರಣ್ಯ ಮಂತ್ರಿ ಕಾಡು ಹಸ್ತಾಂತರ ಮಾಡಬೇಡಿ ಅಂದರು. ಸಂಡೂರಿನ ಜನ ಬೀದಿಗೆ ಇಳಿದರು. ಆ ಸಭೆಗಳಲ್ಲಿ ನಮ್ಮ ಕೇರಿಯೋರೂ ಎರಡು ಪಾಲಾಗಿ ಕೂತಿದ್ದನ್ನ ನೋಡಿದೀನಿ. ಒಬ್ಬರು ಕೆಲಸ ಬೇಕು ಅಂತಾರೆ, ಇನ್ನೊಬ್ಬರು ಗುಡ್ಡ ಬೇಕು ಅಂತಾರೆ. 2011ರಲ್ಲಿ ಗಣಿ ನಿಂತಾಗ ರಾತ್ರೋರಾತ್ರಿ ಕೂಲಿ ಕಳಕೊಂಡದ್ದೂ ನಮ್ಮೋರೇ. ಇಬ್ಬರನ್ನೂ ಬೈಯೋ ಹಕ್ಕು ನನಗಿಲ್ಲ. ಒಳ್ಳೇ ಸಿನಿಮಾ ಇಬ್ಬರ ಮಾತನ್ನೂ ಕೇಳಿಸಬೇಕು. ಬರೇ ಹಸಿರು ತೋರಿಸಿ ಚಪ್ಪಾಳೆ ತಗೊಳ್ಳೋದು ಸುಲಭ. ಕೆಂಪು ಧೂಳು ತೋರಿಸೋಕೆ ಎದೆ ಬೇಕು.

ನನ್ನ ಕಥೆ ಮುಗಿಸ್ತೀನಿ. 2023ರಲ್ಲಿ ಪಿಟಿಸಿಎಲ್ ಕಾಯ್ದೆಗೆ ತಿದ್ದುಪಡಿ ಆಯ್ತು. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಿ ಹಾಕಬಾರದು ಅಂತ. ಆ ವರ್ಷವೇ ಮಾವನ ಹೆಸರಲ್ಲಿ ಅರ್ಜಿ ಹಾಕಿದೆವು. ಈ ಸಲ ಪ್ರತಿ ಹಾಳೆಯನ್ನೂ ಮೂರು ಮೂರು ಸಲ ಓದಿದೆ. ಅರ್ಜಿ ನಾನೇ ಟೈಪ್ ಮಾಡಿದೆ, ಹೆಬ್ಬಟ್ಟಿಗೆ ಇಂಕ್ ಪ್ಯಾಡ್ ಮತ್ತೆ ನಾನೇ ಹಿಡಿದೆ. ಮಾವ ಒತ್ತುವಾಗ ನನ್ನ ಮುಖ ನೋಡಿದ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಂಡ ಹೊಂಡವಾಗಿಯೇ ಐತೆ. ಗೆದ್ದರೂ ಸಿಗೋದು ಹೊಂಡವೇ, ಹೊಲ ಅಲ್ಲ. ಮಾವನಿಗೆ ಅದು ಗೊತ್ತು. ಆದರೂ ಹೋದ ಮಳೆಗಾಲದಲ್ಲಿ ಹೊಂಡದ ದಂಡೆಗೆ ಸೀತಾಫಲದ ಬೀಜ ಹಾಕಿ ಬಂದಿದಾನೆ. ಏಳೆಂಟು ಹುಟ್ಟ್ಯಾವ ಅಂತ ಫೋನ್ ಮಾಡಿ ಹೇಳಿದ.

ಬುತ್ತಿ ಹೊತ್ತಿನಲ್ಲಿ ಪ್ರಶ್ನೆ ಕೇಳಿದ ತಮ್ಮಾ, ಇದೇ ನನ್ನ ಉತ್ತರ. ನೀನು ಕೇಳಿದ ಕಳ್ಳ ಯಾರು ಅಂದರೆ, ಅವನಿಗೆ ನೂರು ಮುಖ. ಅದರಲ್ಲಿ ಒಂದು, ಪೂರ್ತಿ ಓದದೆ "ಹಾಕು ಹೆಬ್ಬಟ್ಟು" ಅಂದವನ ಮುಖ. ನಾಲ್ಕನೇ ಗಂಧದ ಗುಡಿ ಯಾರಾದರೂ ಮಾಡಿದರೆ ಆ ಪಾತ್ರವನ್ನೂ ಇಡಲಿ. ಬೇಕಾದರೆ ನಾನೇ ಮಾಡ್ತೀನಿ, ಸಂಬಳ ಬೇಡ.

ನಿಮ್ಮೂರ ಟೆಂಟಿನಲ್ಲಿ ಗಂಧದ ಗುಡಿ ನೋಡಿದವರಿದ್ದರೆ ಕಾಮೆಂಟಿನಲ್ಲಿ ಬರೀರಿ. ಮಂಜೂರು ಜಮೀನು ಹಿಂಗೇ ಕಳಕೊಂಡೋರು ನಿಮ್ಮ ಕೇರಿಯಲ್ಲಿ ಇದ್ದರೆ, ಕಾಗದ ಇಟ್ಟುಕೊಂಡು ಭಾನುವಾರ ಬನ್ನಿ. ಕೂತು ಓದೋಣ. ಈ ಸಲ ಪೂರ್ತಿ ಓದೋಣ.

ಜೈ ಭೀಮ್.